ಕೀಲಿಮಣೆಯ ಒಳದಾರಿಗಳು ಮತ್ತು ಮಣಿಕಟ್ಟಿನ ಆರೋಗ್ಯ

ಕಳೆದ ಮುಂಗಾರಿನಲ್ಲಿ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಗೆ ಹೋಗಿದ್ದಾಗ ನಾವು ಊಟಕ್ಕೆ ಕುಳಿತ ಮನೆಯಲ್ಲಿ ಎಪ್ಪತ್ತರ ಸಮೀಪದ ಅತ್ತೆಯವರು ರೊಟ್ಟಿ ಬಡಿಯುತ್ತಿದ್ದರು. ಮೂವತ್ತು ದಾಟದ ಸೊಸೆ ಪಕ್ಕದಲ್ಲಿ ಕುಳಿತು ಹಂಚಿನ ಮೇಲಿನ ರೊಟ್ಟಿಯನ್ನು ಎಡಗೈಯಿಂದ ತಿರುವಿ ಹಾಕುತ್ತಿದ್ದರು. ನಮ್ಮ ಭಾಗದ ಮನೆಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಅದಲುಬದಲಾಗಿರುತ್ತದೆ. ನಮ್ಮ ನೋಟವನ್ನು ಗುರುತಿಸಿದ ಹಿರಿಯರು ತಾವಾಗಿಯೇ ಹೇಳಿದರು: “ಆಕೀ ಬಲಗೈ ರೊಟ್ಟಿ ಬಡಿಯಾಕ ಬರವಲ್ದುರೀ. ಆರು ತಿಂಗಳಾತು. ಹೊಲದಾಗ ದುಡದ ಕೈ ನಂದು, ಗಟ್ಟಿ ಐತಿ. ಕುರ್ಚಿ ಮ್ಯಾಲ ಕುಂತು ದುಡದ ಕೈ ಆಕೀದು, ನೋಡ್ರಿ ಹೆಂಗಾಗೇತಿ.”

ಈ ಮಾತಿನಲ್ಲಿ ನಿಂದೆಯಿರಲಿಲ್ಲ, ಆಶ್ಚರ್ಯವಿತ್ತು. ಕುಳಿತು ಮಾಡುವ ಕಾಯಕ ದೇಹಕ್ಕೆ ಹಗುರವೆಂಬುದು ನಮ್ಮ ಹಳ್ಳಿಗಳ ಬಹುಕಾಲದ ನಂಬಿಕೆ. ಮಕ್ಕಳು ಕಲಿತು ಕುರ್ಚಿಯ ಮೇಲೆ ಕುಳಿತರೆ ಸಾಕು, ಮೈ ಸವೆಯುವುದು ತಪ್ಪಿತು ಎಂದು ಎಷ್ಟೋ ತಂದೆತಾಯಿಗಳು ಹೊಲ ಮಾರಿ ಓದಿಸಿದ್ದಾರೆ. ಆ ಸೊಸೆ, ಅಂದರೆ ಈ ಲೇಖನಕ್ಕೆ ಕಾರಣರಾದ ಸಹೋದರಿ, ಅರ್ಜಿ ತುಂಬಿಕೊಡುವ ಒಂದು ಸಣ್ಣ ಝೆರಾಕ್ಸ್ ಅಂಗಡಿಯಲ್ಲಿ ಗಣಕಯಂತ್ರದ ಮುಂದೆ ಕುಳಿತು ದುಡಿಯುವವರು. ಮಧ್ಯಾಹ್ನ ಅವರೊಂದಿಗೆ ನಾವೂ ಅಲ್ಲಿಗೆ ಹೋದೆವು.

ಅದು ಜುಲೈ ತಿಂಗಳು. ಮಲೆನಾಡಿನ ಸೆರಗಿಗೆ ಹೊಂದಿಕೊಂಡ ಈ ತಾಲೂಕಿನಲ್ಲಿ ಗೋವಿನಜೋಳ, ಸೋಯಾ, ಭತ್ತಗಳ ಬಿತ್ತನೆ ಮುಗಿದು ಬೆಳೆ ವಿಮೆಯ ಅರ್ಜಿಗಳ ದಿನಗಳು ಬಂದಿದ್ದವು. ಹಿಂದೆ ಉತಾರ ಬೇಕಾದರೆ ತಲಾಠಿಯವರನ್ನು ಹುಡುಕಿಕೊಂಡು ಹೋಗಬೇಕಿತ್ತು. ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕೀಕೃತವಾದ ಮೇಲೆ, ತರುವಾಯ ಒಂದೊಂದೇ ಸೇವೆ ಆನ್‌ಲೈನ್ ಆದ ಮೇಲೆ, ರೈತನ ಮತ್ತು ಸರಕಾರದ ನಡುವೆ ಈಗ ಒಂದು ಕೀಲಿಮಣೆಯಿದೆ. ಆ ಕೀಲಿಮಣೆಯ ಮುಂದೆ ಯಾರದೋ ಎರಡು ಕೈಗಳಿವೆ. ಅಂಗಡಿಯ ಕಟ್ಟೆಯ ಮೇಲೆ ಕೊಡೆ ಮಡಚಿಕೊಂಡು ಹನ್ನೆರಡು ಜನ ಕುಳಿತಿದ್ದರು. ಒಬ್ಬ ವೃದ್ಧರು ಒಳಗೆ ಇಣುಕಿ, “ಇನ್ನ ಎಷ್ಟ ಹೊತ್ತಬೇ ಯವ್ವಾ? ಎಮ್ಮೀ ಹೊಡ್ಕೊಂಡ ಹೋಗಬೇಕು” ಎಂದರು. “ಮುಗೀತ್ರೀ ಅಜ್ಜಾರ, ನಿಮ್ಮದ ಮುಂದಿನ ಪಾಳಿ” ಎಂದು ಆ ಸಹೋದರಿ ಪರದೆಯಿಂದ ಕಣ್ಣು ತೆಗೆಯದೆ ಉತ್ತರಿಸಿದರು.

ನಾವು ಅವರ ಬಲಗೈಯನ್ನೇ ನೋಡುತ್ತ ಕುಳಿತೆವು. ಹೆಸರಿನ ಖಾನೆಯ ಮೇಲೆ ಮೌಸಿನಿಂದ ಒತ್ತುವುದು, ಕೈಯನ್ನು ಕೀಲಿಮಣೆಗೆ ತಂದು ಹೆಸರು ಬರೆಯುವುದು. ಮತ್ತೆ ಮೌಸ್ ಹಿಡಿದು ತಂದೆಯ ಹೆಸರಿನ ಖಾನೆಯ ಮೇಲೆ ಒತ್ತುವುದು, ಮತ್ತೆ ಕೀಲಿಮಣೆ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೇ ನಂಬರ್, ಹಿಸ್ಸಾ, ಬೆಳೆ, ಬ್ಯಾಂಕಿನ ಖಾತೆ, ಮೊಬೈಲ್ ಸಂಖ್ಯೆ. ಬಲಗೈ ಹೀಗೆ ಎಷ್ಟು ಸಾರಿ ಹೋಗಿ ಬರುತ್ತದೆಂದು ಎಣಿಸಹೊರಟು, ಇಪ್ಪತ್ತಾರರ ಆಚೆ ಎಣಿಕೆ ತಪ್ಪಿ ಕೈಬಿಟ್ಟೆವು. ಇದು ಒಂದು ಅರ್ಜಿಯ ಲೆಕ್ಕ. ಮಗ್ಗದ ಲಾಳಿಯಂತೆ ದಿನವಿಡೀ ಓಡಾಡುವ ಕೈ ಸಂಜೆ ಮನೆಗೆ ಹೋಗಿ ಹಿಟ್ಟು ನಾದಬೇಕು, ಕೊಡ ಎತ್ತಬೇಕು, ಕಲಘಟಗಿಯ ಬಣ್ಣದ ತೊಟ್ಟಿಲಿನಿಂದ ಎಂಟು ತಿಂಗಳ ಕೂಸನ್ನು ಎತ್ತಿಕೊಳ್ಳಬೇಕು.

ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಪಕ್ಕಕ್ಕೆ ಹರಿಯುವ ನೋವು ಅವರದು. ಕೂಸನ್ನು ಎತ್ತುವಾಗ, ಬಟ್ಟೆ ಹಿಂಡುವಾಗ ಅದು ಚುಚ್ಚಿದಂತಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ಮೂಳೆತಜ್ಞರೊಬ್ಬರು ಪರೀಕ್ಷಿಸಿ, ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳ ಹೊದಿಕೆ ದಪ್ಪಗಾಗಿದೆ ಎಂದು ತಿಳಿಸಿ, ಹೆಬ್ಬೆರಳನ್ನೂ ಮಣಿಕಟ್ಟನ್ನೂ ಅಲುಗದಂತೆ ಹಿಡಿದಿಡುವ ಪಟ್ಟಿಯೊಂದನ್ನು ಕೊಟ್ಟರು. ಕೆಲವು ವಾರ ಕೈಗೆ ವಿಶ್ರಾಂತಿ ಬೇಕೆಂದರು. ಪಟ್ಟಿ ಬಂತು, ವಿಶ್ರಾಂತಿ ಬರಲಿಲ್ಲ. ಅಂಗಡಿಗೆ ಹೋಗದಿದ್ದರೆ ಅಂದಿನ ಕೂಲಿಯಿಲ್ಲ. ಕೆಲಸ ಬಿಡಬೇಕೆಂದು ಮನೆಯವರು ನಿರ್ಧರಿಸುವ ಹಂತಕ್ಕೆ ಮಾತು ಬಂದಿತ್ತು. ಪದವಿ ಮುಗಿಸಿ, ಮದುವೆಯಾದ ಮೇಲೂ ಹಟ ಹಿಡಿದು ಗಳಿಸಿಕೊಂಡ ಕಾಯಕವನ್ನು ಒಂದು ಹೆಬ್ಬೆರಳಿನ ಕಾರಣಕ್ಕೆ ಬಿಡುವುದು ಅವರಿಗೆ ಸುಲಭದ ಸಂಗತಿಯಾಗಿರಲಿಲ್ಲ.

ಈ ಬೇನೆಯನ್ನು 1895ರಲ್ಲಿ ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕೆರ್ವೈನರ ಹೆಸರೇ ಅದಕ್ಕೆ ನಿಂತಿದೆ. ಎಳೆಗೂಸುಗಳನ್ನು ಕಂಕುಳಿಗೆ ಕೈಹಾಕಿ ಎತ್ತುವ ತಾಯಂದಿರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಗಣಕಯಂತ್ರವೊಂದನ್ನೇ ಅಪರಾಧಿಯೆಂದು ನಿಲ್ಲಿಸುವುದು ನ್ಯಾಯವಲ್ಲ. ಅದೇ ಹೆಬ್ಬೆರಳು ಅಂಗಡಿಯಲ್ಲಿ ಮೌಸನ್ನು ಒತ್ತಿ ಹಿಡಿಯುತ್ತದೆ, ಮನೆಯಲ್ಲಿ ಕೂಸನ್ನು ಎತ್ತುತ್ತದೆ, ಬಿಡುವಿನಲ್ಲಿ ಮೊಬೈಲಿನ ಮೇಲೆ ಓಡುತ್ತದೆ. ಮೂರು ಕಡೆಯ ದುಡಿಮೆಯ ಮೊತ್ತವನ್ನು ಒಂದೇ ರಜ್ಜು ತೀರಿಸಬೇಕಾಗುತ್ತದೆ.

ಇನ್ನೊಂದು ಬೇನೆಯನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು, ಏಕೆಂದರೆ ಎರಡನ್ನೂ ಜನ ಒಂದೇ ಎಂದು ಭಾವಿಸುತ್ತಾರೆ. ಮಣಿಕಟ್ಟಿನ ಒಳಭಾಗದಲ್ಲಿ ಎಲುಬುಗಳು ಮತ್ತು ಒಂದು ಗಟ್ಟಿಯಾದ ಪಟ್ಟಿಯ ನಡುವೆ ಕಿರಿದಾದ ಸುರಂಗವಿದೆ. ಬೆರಳುಗಳನ್ನು ಮಡಚುವ ಒಂಬತ್ತು ರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಆ ಇಕ್ಕಟ್ಟಿನಲ್ಲಿಯೇ ಹಾದುಹೋಗಬೇಕು. ಮಣಿಕಟ್ಟನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿ ಹಿಡಿದಾಗ ಒಳಗಿನ ಒತ್ತಡ ಏರುತ್ತದೆ. ರಜ್ಜುಗಳ ಹೊದಿಕೆ ಊದಿದರೆ ನರವು ಒತ್ತಿಹೋಗುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಆ ನರದ ಸಂಬಂಧವಿಲ್ಲ. ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಮೊಣಕೈಯಲ್ಲಿ, ಮೇಜಿನ ಅಂಚಿಗೆ ಒತ್ತಿಹೋಗುವ ಬೇರೊಂದು ನರದ ಕಡೆ ನೋಡಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ಗ್ರಂಥಿಯ ನ್ಯೂನತೆ ಇರುವವರಿಗೂ ಗರ್ಭಿಣಿಯರಿಗೂ ಮಣಿಕಟ್ಟಿನ ಈ ಬಾಧೆ ಹೆಚ್ಚು.

ಬರೆಯುವವರ ಕೈನೋವು ಯಂತ್ರಯುಗದ ಹೊಸ ಕಾಯಿಲೆಯೇನೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಒಂದು ಗ್ರಂಥ ಬರೆದರು. ಕುಂಬಾರ, ಕಮ್ಮಾರ, ಗಣಿಯವರ ಬೇನೆಗಳನ್ನೆಲ್ಲ ಗಮನಿಸಿದ ಅವರು 1713ರ ಪರಿಷ್ಕೃತ ಮುದ್ರಣದಲ್ಲಿ ಲಿಪಿಕಾರರ ಬೇನೆಯನ್ನೂ ಸೇರಿಸಿದರು. ಅವರು ಗುರುತಿಸಿದ ಕಾರಣಗಳು ಮೂರು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಸದಾ ಒಂದೇ ರೀತಿಯಲ್ಲಿ ಆಡಿಸುವುದು, ತಪ್ಪಾಗಬಾರದೆಂಬ ಮನಸ್ಸಿನ ಬಿಗಿ. ಮುನ್ನೂರು ವರ್ಷಗಳ ಹಿಂದಿನ ಈ ಪಟ್ಟಿಯನ್ನು ಬಮ್ಮಿಗಟ್ಟಿಯ ಅಂಗಡಿಯಲ್ಲಿ ಓದಿದ್ದರೆ ಯಾರೂ ತಿದ್ದುತ್ತಿರಲಿಲ್ಲ. ರಮಾಜಿನಿಯವರು ತಮಗೆ ಪರಿಚಯದ ಒಬ್ಬ ಲಿಪಿಕಾರನ ಕಥೆಯನ್ನೂ ಹೇಳುತ್ತಾರೆ. ಬರೆದು ಬರೆದು ಆತನ ಬಲಗೈ ನಿಷ್ಕ್ರಿಯವಾಯಿತು. ಆತ ಎಡಗೈಯಿಂದ ಬರೆಯಲು ಕಲಿತನು. ಸ್ವಲ್ಪ ಕಾಲದಲ್ಲಿಯೇ ಎಡಗೈಗೂ ಅದೇ ಗತಿಯಾಯಿತು. ಮೌಸನ್ನು ಎಡಗೈಗೆ ಬದಲಾಯಿಸಿಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ಸಲಹೆ ಕೊಡುವವರು ಈ ಕಥೆಯನ್ನು ನೆನಪಿಡಬೇಕು. ದುಡಿಮೆಯ ರೀತಿ ಬದಲಾಗದೆ ಕೈ ಮಾತ್ರ ಬದಲಾದರೆ ಪ್ರಯೋಜನ ಅಲ್ಪ.

ದುಡಿಮೆಯ ರೀತಿಯನ್ನು ಬದಲಾಯಿಸುವ ಒಂದು ಉಪಾಯ ಆ ಕೀಲಿಮಣೆಯಲ್ಲಿಯೇ ಅಡಗಿದೆ. ಶಾರ್ಟ್‌ಕಟ್ ಎಂದು ಎಲ್ಲರೂ ಕರೆಯುವ ಇವುಗಳನ್ನು ನಾವು ಕೀಲಿಮಣೆಯ ಒಳದಾರಿಗಳೆಂದು ಕರೆಯುತ್ತೇವೆ. ಹೊಲಕ್ಕೆ ಹೋಗುವ ಗಾಡಿದಾರಿ ಸುತ್ತಿ ಬಳಸಿ ಹೋಗುತ್ತದೆ; ಬದುವಿನ ಮೇಲಿನ ಕಾಲುದಾರಿ ಗೊತ್ತಿದ್ದವನು ಬೇಗ ಮುಟ್ಟುತ್ತಾನೆ. ಬೇಗ ಮುಟ್ಟುವುದಕ್ಕಾಗಿ ಇವುಗಳನ್ನು ಕಲಿಯಿರೆಂದು ಗಣಕಯಂತ್ರದ ತರಗತಿಗಳಲ್ಲಿ ಹೇಳುತ್ತಾರೆ. ಆರೋಗ್ಯದ ಅಂಕಣದಲ್ಲಿ ನಾವು ಹೇಳಬೇಕಾದುದು ಬೇರೆ: ಕೈಯ ಓಡಾಟ ತಪ್ಪಿಸುವುದಕ್ಕಾಗಿ ಇವುಗಳನ್ನು ಕಲಿಯಬೇಕು.

ಮೌಸನ್ನು ಲೋಕಕ್ಕೆ ಮೊದಲು ತೋರಿಸಿದ ಡಗ್ಲಾಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಮಾಡಿದ ಪ್ರಾತ್ಯಕ್ಷಿಕೆಯಲ್ಲಿ ಬಲಗೈಯಲ್ಲಿ ಮೌಸ್ ಇದ್ದರೆ ಎಡಗೈಯಲ್ಲಿ ಐದು ಕೀಲಿಗಳ ಒಂದು ಪುಟ್ಟ ಸಾಧನವಿತ್ತು. ಕೆಲಸವನ್ನು ಎರಡು ಕೈಗಳಿಗೆ ಹಂಚಬೇಕೆಂಬುದು ಅವರ ಕಲ್ಪನೆ. ಮೌಸ್ ಜಗತ್ತನ್ನೆಲ್ಲ ಸುತ್ತಿತು, ಎಡಗೈಯ ಸಾಧನ ಅಲ್ಲಿಯೇ ಉಳಿಯಿತು. ಅದರ ಜೊತೆಗೆ ಹಂಚಿಕೆಯ ಕಲ್ಪನೆಯೂ ಮರೆಯಾಯಿತು. ಆದರೂ ಅದರ ಒಂದು ಎಳೆ ಇಂದಿಗೂ ನಮ್ಮ ಎಡಗೈಯ ಕೆಳಗಿದೆ. 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬುವರು ಬರಹವನ್ನು ಕತ್ತರಿಸಿ, ನಕಲಿಸಿ, ಅಂಟಿಸುವ ಕ್ರಮವನ್ನು ರೂಪಿಸಿದರು. ಮುಂದೆ ಆ್ಯಪಲ್ ಸಂಸ್ಥೆಯ ಯಂತ್ರಗಳಲ್ಲಿ ಅದಕ್ಕೆ ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಅಕ್ಷರಗಳು ಗೊತ್ತಾದವು. ಅವು ಕೀಲಿಮಣೆಯ ಎಡ ಮೂಲೆಯಲ್ಲಿ ಒಂದರ ಪಕ್ಕ ಒಂದಿವೆ. ಎಕ್ಸ್ ಎಂದರೆ ಹೊಡೆದುಹಾಕಿದ ಗುರುತು. ಸಿ ನಕಲು ಎಂಬುದರ ಇಂಗ್ಲಿಷ್ ಮೊದಲಕ್ಷರ. ವಿ ಎಂಬುದು ಬಿಟ್ಟುಹೋದ ಮಾತನ್ನು ಸೇರಿಸಲು ಬರೆಯುವವರು ಹಾಕುವ ಗುರುತಿನಂತೆ ಕಾಣುತ್ತದೆ. ನಮ್ಮ ತಾಳೆಗರಿಯ ಲಿಪಿಕಾರರೂ ಸಾಲಿನ ನಡುವೆ ಬಿಟ್ಟುಹೋದ ಅಕ್ಷರ ಸೇರಿಸಲು ಹಂಸಪಾದವೆಂಬ ಗುರುತನ್ನು ಬಳಸುತ್ತಿದ್ದರು. ಬೇರೆ ಬೇರೆ ನೆಲದ ಬರಹಗಾರರಿಗೆ ಒಂದೇ ಬಗೆಯ ಅಗತ್ಯ ಬಿದ್ದುದು ನಮಗಂತೂ ಸಂತೋಷದ ವಿಷಯವೆನಿಸುತ್ತದೆ.

ಕೀಲಿಮಣೆಗಿಂತ ಮೌಸ್ ಹೆಚ್ಚು ಬಾಧಕವೆಂದು ಹೇಳಲು ಆಧಾರವಿದೆಯೇ ಎಂದು ಓದುಗರು ಕೇಳಬಹುದು. ಡೆನ್ಮಾರ್ಕಿನಲ್ಲಿ ಸಾವಿರಾರು ಕಚೇರಿ ನೌಕರರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಾರಕ್ಕೆ 20 ಗಂಟೆಗೂ ಹೆಚ್ಚು ಮೌಸ್ ಬಳಸುವವರಲ್ಲಿ ಮಣಿಕಟ್ಟಿನ ನರಬಾಧೆಯ ಲಕ್ಷಣಗಳಿಗೆ ಸಂಬಂಧ ಕಂಡಿತು. ಕೀಲಿಮಣೆಯ ಬಳಕೆಗೆ ಅಂತಹ ಸ್ಪಷ್ಟ ಸಂಬಂಧ ಕಾಣಲಿಲ್ಲ. ಗಣಕಯಂತ್ರದಿಂದಲೇ ಆ ರೋಗ ಬರುತ್ತದೆಂದು ಅದು ಸಾರಲಿಲ್ಲ, ನಾವೂ ಸಾರುವುದಿಲ್ಲ. ಆದರೆ ಕಾರಣ ಊಹಿಸುವುದು ಕಷ್ಟವಲ್ಲ. ಕೀಲಿಮಣೆಯಲ್ಲಿ ಹತ್ತು ಬೆರಳುಗಳು ದುಡಿಮೆಯನ್ನು ಹಂಚಿಕೊಳ್ಳುತ್ತವೆ. ಮೌಸಿನಲ್ಲಿ ಒಂದೇ ತೋರುಬೆರಳು ಒತ್ತುತ್ತದೆ, ಒಂದೇ ಹೆಬ್ಬೆರಳು ಬಿಗಿದು ಹಿಡಿಯುತ್ತದೆ. ಜೊತೆಗೆ ಕೀಲಿಮಣೆಯ ಬಲತುದಿಯಲ್ಲಿ ಅಂಕಿಗಳ ಗುಂಪೊಂದಿರುವುದರಿಂದ ಮೌಸ್ ಅದರಾಚೆಗೆ ಹೋಗಿ ಕೂರುತ್ತದೆ. ಅಲ್ಲಿಯವರೆಗೆ ತೋಳನ್ನು ಚಾಚಿ ಚಾಚಿ ಭುಜವೂ ನೋಯತೊಡಗುತ್ತದೆ.

ಹಾಗಾದರೆ ಅರ್ಜಿ ತುಂಬುವವರಿಗೆ ಬೇಕಾದ ಒಳದಾರಿಗಳು ಯಾವುವು? ಪುಸ್ತಕಗಳಲ್ಲಿ ನೂರಾರು ಕೊಟ್ಟಿರುತ್ತಾರೆ. ಅವುಗಳಲ್ಲಿ ಬಹುಪಾಲು ನಮಗೆ ಬೇಕಾಗಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಯಾರೂ ಶಾರ್ಟ್‌ಕಟ್ ಎಂದು ಲೆಕ್ಕಕ್ಕೇ ಹಿಡಿಯದ ಟ್ಯಾಬ್ ಕೀಲಿ. ಒಂದು ಖಾನೆ ತುಂಬಿದ ಕೂಡಲೆ ಎಡಗೈಯಿಂದ ಟ್ಯಾಬ್ ಒತ್ತಿದರೆ ಮುಂದಿನ ಖಾನೆಗೆ ಹೋಗುತ್ತೇವೆ. ಶಿಫ್ಟ್ ಹಿಡಿದು ಒತ್ತಿದರೆ ಹಿಂದಿನ ಖಾನೆಗೆ ಬರುತ್ತೇವೆ. ಚೌಕದಲ್ಲಿ ಸರಿ ಗುರುತು ಹಾಕಬೇಕಾದಲ್ಲಿ ಸ್ಪೇಸ್ ಪಟ್ಟಿಯನ್ನು ಒತ್ತಿದರೆ ಸಾಕು. ಜಿಲ್ಲೆಗಳ ಪಟ್ಟಿ ಇಳಿಬೀಳುವ ಖಾನೆಯಲ್ಲಿ ಆಲ್ಟ್ ಹಿಡಿದು ಕೆಳಬಾಣ ಒತ್ತಿದರೆ ಪಟ್ಟಿ ತೆರೆದುಕೊಳ್ಳುತ್ತದೆ. ಪಟ್ಟಿ ಇಂಗ್ಲಿಷಿನಲ್ಲಿದ್ದರೆ ಡಿ ಒಂದನ್ನೇ ಒತ್ತಿದಾಗ ಮೊದಲು ದಕ್ಷಿಣ ಕನ್ನಡ ಬರುತ್ತದೆ. ಡಿ, ಎಚ್ ಎಂದು ಒಡನೆಯೇ ಒತ್ತಿದರೆ ನೇರವಾಗಿ ಧಾರವಾಡಕ್ಕೆ ಬಂದು ನಿಲ್ಲುತ್ತದೆ. ಮೌಸಿನ ಗಾಲಿ ತಿರುಗಿಸುತ್ತ ಮೂವತ್ತು ಹೆಸರುಗಳ ನಡುವೆ ಧಾರವಾಡವನ್ನು ದಿನಕ್ಕೆ ಐವತ್ತು ಸಲ ಹುಡುಕುವ ಕೆಲಸ ಇದರಿಂದ ತಪ್ಪುತ್ತದೆ. ಎಲ್ಲ ಜಾಲತಾಣಗಳೂ ಸಮನಾಗಿ ಕಟ್ಟಲ್ಪಟ್ಟಿಲ್ಲ. ಕೆಲವು ಅರ್ಜಿಗಳಲ್ಲಿ ಟ್ಯಾಬ್ ಒತ್ತಿದರೆ ಗಮ್ಯ ಎಲ್ಲಿಗೋ ಹಾರಿಬಿಡುತ್ತದೆ. ಅಲ್ಲಿ ಮೌಸ್ ಹಿಡಿಯುವುದು ಅನಿವಾರ್ಯ.

ಎರಡು ಕಿಟಕಿಗಳ ನಡುವೆ ಓಡಾಡಲು ಆಲ್ಟ್ ಮತ್ತು ಟ್ಯಾಬ್. ಬ್ರೌಸರಿನಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಕಂಟ್ರೋಲ್ ಮತ್ತು ಟ್ಯಾಬ್. ಅಚಾತುರ್ಯದಿಂದ ಮುಚ್ಚಿಹೋದ ಪುಟವನ್ನು ಮರಳಿ ತೆರೆಯಲು ಕಂಟ್ರೋಲ್, ಶಿಫ್ಟ್, ಟಿ. ಮುದ್ರಣಕ್ಕೆ ಕಂಟ್ರೋಲ್ ಮತ್ತು ಪಿ. ವರ್ಡ್‌ನಲ್ಲಿ ಪತ್ರ ಬರೆಯುವವರು ಕಂಟ್ರೋಲ್ ಮತ್ತು ಎಸ್ ಅನ್ನು ಉಸಿರಾಟದಂತೆ ರೂಢಿಸಿಕೊಳ್ಳಬೇಕು, ಮಳೆಗಾಲದಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಆದರೆ ಜಾಲತಾಣದ ಅರ್ಜಿಯಲ್ಲಿ ಅದೇ ಕೀಲಿಗಳು ಪುಟದ ಒಂದು ಪ್ರತಿಯನ್ನು ಯಂತ್ರದಲ್ಲಿ ಇಡುತ್ತವೆಯೇ ಹೊರತು ಅರ್ಜಿಯನ್ನು ಉಳಿಸುವುದಿಲ್ಲ. ಹಾಗೆಯೇ ಎಫ್5 ಒತ್ತಿದರೆ ಪುಟ ಹೊಸದಾಗಿ ಬರುತ್ತದೆ, ತುಂಬಿದ್ದೆಲ್ಲ ಬಹುಮಟ್ಟಿಗೆ ಅಳಿದುಹೋಗುತ್ತದೆ. ಕಂಟ್ರೋಲ್ ಮತ್ತು ಝಡ್ ಬೆರಳ ತಪ್ಪನ್ನು ಹಿಂದಕ್ಕೆ ಪಡೆಯುತ್ತದೆ. ಸಲ್ಲಿಸಿಬಿಟ್ಟ ಅರ್ಜಿಯನ್ನು ಹಿಂದಕ್ಕೆ ಪಡೆಯುವುದಿಲ್ಲ.

ನಕಲಿಸಿ ಅಂಟಿಸುವುದರ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕೈಗೆ ಇದರಷ್ಟು ಉಪಕಾರಿಯಾದ ಒಳದಾರಿ ಬೇರೊಂದಿಲ್ಲ. ಆದರೆ ಹಿಂದಿನ ರೈತರ ಖಾತೆ ಸಂಖ್ಯೆ ನೆನಪಿನಲ್ಲಿ ಉಳಿದಿದ್ದು ಮುಂದಿನವರ ಅರ್ಜಿಯಲ್ಲಿ ಅಂಟಿಕೊಂಡರೆ ಒಬ್ಬರ ಪರಿಹಾರ ಇನ್ನೊಬ್ಬರ ಪಾಲಾಗುತ್ತದೆ. ಕೆಲವು ಅರ್ಜಿಗಳು ಖಾತೆ ಸಂಖ್ಯೆಯನ್ನು ಎರಡು ಸಲ ಕೈಯಿಂದಲೇ ಬರೆಯಿಸುವುದು ಇದಕ್ಕಾಗಿಯೇ; ಅದನ್ನು ಶಪಿಸಬಾರದು. ವಿಂಡೋಸ್ 10ರ 2018ರ ಪರಿಷ್ಕರಣದಿಂದೀಚೆಗೆ ವಿಂಡೋಸ್ ಕೀಲಿ ಹಿಡಿದು ವಿ ಒತ್ತಿದರೆ ಹಿಂದೆ ನಕಲಿಸಿದ ಹಲವು ತುಣುಕುಗಳು ಸಾಲಾಗಿ ಕಾಣಿಸುತ್ತವೆ. ಪತ್ರ ಬರೆಯುವವರಿಗೆ ಇದು ವರ. ಹತ್ತಾರು ಜನರ ಆಧಾರ್ ಮತ್ತು ಬ್ಯಾಂಕ್ ವಿವರ ಹರಿದಾಡುವ ಅಂಗಡಿಯಲ್ಲಿ ಮಾತ್ರ ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಡುವುದು ಒಳ್ಳೆಯದು. ಎದ್ದು ಹೊರಗೆ ಹೋಗುವಾಗ ವಿಂಡೋಸ್ ಮತ್ತು ಎಲ್ ಒತ್ತಿದರೆ ಯಂತ್ರಕ್ಕೆ ಬೀಗ ಬೀಳುತ್ತದೆ.

ಇನ್ನು ಕನ್ನಡ ಬರೆಯುವ ಮಾತು. ಅರ್ಜಿಗಳಲ್ಲಿ ಹೆಸರು ವಿಳಾಸಗಳು ಕನ್ನಡದಲ್ಲಿ ಬೇಕಾಗುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪರದೆಯ ಮೇಲೆ ಇಳಿಬೀಳುವ ಕನ್ನಡ ಪದಗಳ ಪೈಕಿ ಒಂದನ್ನು ಮೌಸಿನಿಂದ ಆರಿಸುವ ರೂಢಿ ಈಗ ಹೆಚ್ಚಾಗಿದೆ. ಒಂದೊಂದು ಪದಕ್ಕೂ ಕೈ ಮೌಸಿಗೆ ಹೋಗಬೇಕು. ಇದಕ್ಕಿಂತ ನೇರವಾದ ದಾರಿ ನಮ್ಮವರೇ ಮಾಡಿಕೊಟ್ಟದ್ದಿದೆ. ಕಿನ್ನಿಕಂಬಳ ಪದ್ಮನಾಭ ರಾಯರು, ಎಲ್ಲರೂ ಬಲ್ಲ ಕೆ. ಪಿ. ರಾವ್, ಕನ್ನಡ ಅಕ್ಷರಗಳ ಧ್ವನಿಯನ್ನು ಅನುಸರಿಸಿ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶದ ಮೂಲಕ ಮುಕ್ತವಾಗಿ ಹಂಚಿದರು. ಅದೇ ವಿನ್ಯಾಸವನ್ನು ಮುಂದೆ ಕರ್ನಾಟಕ ಸರಕಾರ ಪ್ರಮಾಣಿತವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯಲ್ಲಿ ಇರುವುದೂ ಅದೇ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. ಮೊದಲ ನೋಟಕ್ಕೆ ವಿಚಿತ್ರವೆನಿಸುವುದು ಟಕಾರ ಮಾತ್ರ, ಅದು ಕ್ಯೂ ಕೀಲಿಯಲ್ಲಿದೆ.

ಈ ಕ್ರಮದಲ್ಲಿ ಬಮ್ಮಿಗಟ್ಟಿ ಎಂದು ಬರೆಯಲು ಬಿ, ಎಂ, ಎಫ್, ಎಂ, ಐ, ಜಿ, ಕ್ಯೂ, ಎಫ್, ಕ್ಯೂ, ಐ ಎಂಬ ಹತ್ತು ಒತ್ತುಗಳು ಸಾಕು. ಶಿಫ್ಟ್ ಒಮ್ಮೆಯೂ ಬೇಡ, ಮೌಸ್ ಬೇಡವೇ ಬೇಡ. ಕಲಘಟಗಿಗೆ ಆರು ಒತ್ತು, ಘಕಾರಕ್ಕೆ ಒಂದೇ ಶಿಫ್ಟ್. ಧಾರವಾಡಕ್ಕೆ ಒತ್ತುಗಳೇನೋ ಆರೇ, ಆದರೆ ಮಹಾಪ್ರಾಣ ಒಂದು, ದೀರ್ಘ ಎರಡು, ಹೀಗೆ ಮೂರು ಸಲ ಶಿಫ್ಟ್. ಜಿಲ್ಲಾ ಕೇಂದ್ರಕ್ಕಿಂತ ನಮ್ಮ ಹಳ್ಳಿಯ ಹೆಸರೇ ಬೆರಳಿಗೆ ಹಗುರವೆಂದು ಹೇಳಿದಾಗ ಆ ಸಹೋದರಿ ನಕ್ಕರು.

ಶಿಫ್ಟಿನ ಪ್ರಸ್ತಾಪ ಬಂದುದರಿಂದ ಒಳದಾರಿಗಳ ದೋಷವನ್ನೂ ಹೇಳಲೇಬೇಕು. ಕಂಟ್ರೋಲ್ ಮತ್ತು ಶಿಫ್ಟ್ ಕೀಲಿಗಳು ಮೂಲೆಯಲ್ಲಿವೆ. ಅವುಗಳನ್ನು ಒತ್ತುವ ಹೊಣೆ ಎಲ್ಲಕ್ಕಿಂತ ದುರ್ಬಲವಾದ ಕಿರುಬೆರಳಿಗೆ ಬೀಳುತ್ತದೆ. ಕಿರುಬೆರಳನ್ನು ಕಂಟ್ರೋಲಿನ ಮೇಲೆ ಚಾಚಿ, ಅದೇ ಕೈಯ ಇನ್ನೊಂದು ಬೆರಳಿನಿಂದ ಅಕ್ಷರವನ್ನು ಒತ್ತುವಾಗ ಮಣಿಕಟ್ಟು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ದಿನಕ್ಕೆ ಹಲವು ನೂರು ಸಲ ಹೀಗೆ ಮಾಡಿದರೆ ಬಲಗೈಯ ಬೇನೆಯನ್ನು ಎಡಗೈಗೆ ವರ್ಗಾಯಿಸಿದಂತಾಗುತ್ತದೆ. ಕೀಲಿಮಣೆಯ ಎರಡೂ ಕಡೆ ಕಂಟ್ರೋಲ್, ಶಿಫ್ಟ್ ಇರುವುದು ಅಲಂಕಾರಕ್ಕಲ್ಲ. ಎಡಗಡೆಯ ಅಕ್ಷರಕ್ಕೆ ಬಲಗಡೆಯ ಕಂಟ್ರೋಲ್, ಬಲಗಡೆಯ ಅಕ್ಷರಕ್ಕೆ ಎಡಗಡೆಯದು ಎಂಬ ನಿಯಮ ಇಟ್ಟುಕೊಂಡರೆ ಎರಡು ಕೈಗಳೂ ನೆಟ್ಟಗಿರುತ್ತವೆ. ಬೆರಳುಗಳು ತೀರ ನೊಂದವರಿಗೆ ಇನ್ನೊಂದು ಅನುಕೂಲವಿದೆ. ಶಿಫ್ಟನ್ನು ಒಂದೇ ಸಮನೆ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಎಂಬ ಸೌಲಭ್ಯ ಬೇಕೇ ಎಂದು ವಿಂಡೋಸ್ ಕೇಳುತ್ತದೆ. ಒಪ್ಪಿದರೆ ಕಂಟ್ರೋಲನ್ನು ಒತ್ತಿ ಬಿಟ್ಟು, ಅನಂತರ ಅಕ್ಷರವನ್ನು ಒತ್ತಬಹುದು. ಎರಡನ್ನೂ ಕೂಡಿ ಹಿಡಿಯಬೇಕಾಗಿಲ್ಲ. ಎಷ್ಟೋ ಜನ ಈ ಪ್ರಶ್ನೆ ಅಕಸ್ಮಾತ್ ಪರದೆಯ ಮೇಲೆ ಬಂದಾಗ ಯಂತ್ರ ಕೆಟ್ಟಿತೆಂದು ಗಾಬರಿಯಾಗುತ್ತಾರೆ.

ಕಣ್ಣಿಗೂ ಒಂದು ಒಳದಾರಿ ಇದೆ. ಕಂಟ್ರೋಲ್ ಹಿಡಿದು ಕೂಡುವ ಗುರುತನ್ನು ಒತ್ತಿದರೆ ಪುಟದ ಅಕ್ಷರಗಳು ದೊಡ್ಡದಾಗುತ್ತವೆ, ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತವೆ. ಕುತ್ತಿಗೆ ಮುಂದೆ ಚಾಚಿ ಓದುವುದು ತಪ್ಪುತ್ತದೆ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆಯಾಗಿ ಕಣ್ಣು ಒಣಗುವುದರಿಂದ, ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ವೈದ್ಯರು ಹೇಳುತ್ತಾರೆ. ಅಂಗಡಿಯ ಎದುರಿಗೆ ಬೇವಿನ ಮರವೊಂದಿದ್ದರೆ ಅಳತೆಯ ತೊಂದರೆಯೂ ಇಲ್ಲ. ಕುರ್ಚಿ ಎತ್ತರವಾಗಿ ಕಾಲು ನೆಲಕ್ಕೆ ಮುಟ್ಟದಿದ್ದರೆ ಎರಡು ಇಟ್ಟಿಗೆ ಇಟ್ಟುಕೊಳ್ಳಬೇಕು. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಡಬೇಕು. ಅವು ಮಣಿಕಟ್ಟನ್ನು ಮೇಲಕ್ಕೆ ಬಾಗಿಸುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆಯೂ ನಮಗೊಂದು ಅಳುಕಿದೆ. ಒಳದಾರಿ ಕಲಿತವರು ಹತ್ತು ನಿಮಿಷದ ಅರ್ಜಿಯನ್ನು ಏಳು ನಿಮಿಷಕ್ಕೆ ಮುಗಿಸಿದರೆ, ಉಳಿದ ಮೂರು ನಿಮಿಷ ಯಾರಿಗೆ ಸೇರುತ್ತದೆ? ಕಟ್ಟೆಯ ಮೇಲೆ ಕುಳಿತವರ ಸಾಲು ನೋಡಿ ಅದನ್ನು ಮುಂದಿನ ಅರ್ಜಿಗೆ ಹಾಕುವ ಒತ್ತಾಯ ಸಹಜ. ಹಾಗೆ ಮಾಡಿದರೆ ಕೈ ಮಾಡುವ ಒಟ್ಟು ಕೆಲಸ ಇಳಿಯುವುದೇ ಇಲ್ಲ. ಆದುದರಿಂದ ನಾಲ್ಕು ಅರ್ಜಿಗಳಿಗೊಮ್ಮೆ ಎದ್ದು, ಕೈಗಳನ್ನು ಜೋಲುಬಿಟ್ಟು, ಮುಷ್ಟಿಯನ್ನು ಹಗುರವಾಗಿ ಬಿಚ್ಚಿ ಮುಚ್ಚಿ, ಒಂದು ಲೋಟ ನೀರು ಕುಡಿಯುವುದನ್ನು ಅಂಗಡಿಯ ಕ್ರಮವನ್ನಾಗಿ ಮಾಡಬೇಕೆಂದು ನಾವು ಮಾಲೀಕರ ಎದುರಿಗೇ ಹೇಳಿದೆವು. ಮೊದಲು ಅವರು ಹೊರಗಿನ ಸಾಲನ್ನು ತೋರಿಸಿದರು. ಎಮ್ಮೆಯ ಅವಸರದಲ್ಲಿದ್ದ ಆ ವೃದ್ಧರೇ ಕಟ್ಟೆಯ ಮೇಲಿನಿಂದ, “ಎತ್ತಿಗೂ ನಡುವ ನೊಗಾ ಇಳಸ್ತೀವಲ್ಲೋ ತಮ್ಮಾ, ಮನಶಾರಿಗೆ ಇಳಸಬಾರದೇನು?” ಎಂದಾಗ ಮಾತು ಮುಗಿಯಿತು.

ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭಗಳನ್ನು ಒಳದಾರಿಗಳ ಭರವಸೆಯಲ್ಲಿ ಮುಂದೂಡಬಾರದು. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವುದು, ಕೈ ಒದರಿದರೆ ಮಾತ್ರ ಸಮಾಧಾನವಾಗುವುದು, ಹಿಡಿದ ಪಾತ್ರೆ ತಿಳಿಯದೆ ಜಾರಿಬೀಳುವುದು, ಹೆಬ್ಬೆರಳ ಬುಡದ ಉಬ್ಬು ಇಳಿದು ಚಪ್ಪಟೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ನರದ ವೇಗವನ್ನು ಅಳೆಯುವ ಪರೀಕ್ಷೆಯಿದೆ. ಆರಂಭದಲ್ಲಿಯೇ ತಿಳಿದರೆ ರಾತ್ರಿ ಪಟ್ಟಿ ಕಟ್ಟಿಕೊಳ್ಳುವುದರಿಂದಲೇ ಹಲವರಿಗೆ ಗುಣವಾಗುತ್ತದೆ. ಬಹಳ ಕಾಲ ಒತ್ತಿಹೋದ ನರ ಶಸ್ತ್ರಚಿಕಿತ್ಸೆಯ ನಂತರವೂ ಪೂರ್ಣ ಚೇತರಿಸದಿರಬಹುದು. ನೋವಿನ ಜಾಗವನ್ನು ಬಲವಾಗಿ ತಿಕ್ಕಿಸಿಕೊಳ್ಳುವುದು, ಅಂಗಡಿಯಿಂದ ತಂದ ನೋವಿನ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುವುದು ಎರಡೂ ಬೇಡ.

ಆ ಸಹೋದರಿ ಎಲ್ಲವನ್ನೂ ಒಮ್ಮೆಲೆ ಕಲಿಯಲಿಲ್ಲ. ಮೊದಲ ವಾರ ಟ್ಯಾಬ್ ಒಂದನ್ನೇ ರೂಢಿ ಮಾಡಿಕೊಂಡರು. ಆ ವಾರ ಕೆಲಸ ಇನ್ನೂ ನಿಧಾನವಾಯಿತಂತೆ. ಎರಡನೆಯ ವಾರ ನಕಲು ಮತ್ತು ಅಂಟಿಕೆ, ಎರಡೂ ಕೈಗಳಿಂದ. ಮೂರನೆಯ ವಾರ ‘ನುಡಿ’. ಪರದೆಯ ಅಂಚಿಗೆ ಮೂರು ಸಾಲಿನ ಚೀಟಿ ಅಂಟಿಸಿ, ಬಾಯಿಪಾಠವಾದ ಮೇಲೆ ಕಿತ್ತು ಹೊಸದನ್ನು ಅಂಟಿಸುತ್ತಿದ್ದರು. ಕೂಸನ್ನು ಎತ್ತುವಾಗ ಹೆಬ್ಬೆರಳನ್ನು ಚಾಚದೆ, ಅಂಗೈಯನ್ನು ಕೆಳಗೆ ಕೊಟ್ಟು ಎತ್ತುವುದನ್ನು ಹುಬ್ಬಳ್ಳಿಯ ವೈದ್ಯರು ತೋರಿಸಿಕೊಟ್ಟಿದ್ದರು, ಅದನ್ನೂ ಪಾಲಿಸಿದರು.

ದೀಪಾವಳಿಯ ಪಾಡ್ಯದ ಮರುದಿನ ನಾವು ಮತ್ತೆ ಆ ಮನೆಗೆ ಹೋದಾಗ ಹಿಟ್ಟಿನ ಮುಂದೆ ಸೊಸೆಯೇ ಕುಳಿತಿದ್ದರು. ಮೂರು ರೊಟ್ಟಿ ಬಡಿದರು. ನಾಲ್ಕನೆಯದಕ್ಕೆ ಹಿಟ್ಟು ತೆಗೆದುಕೊಂಡಾಗ ಅತ್ತೆಯವರು, “ಸಾಕ ಏಳವಾ, ಉಳದದ್ದ ನಾ ಬಡೀತೇನಿ” ಎಂದರು. ಸೊಸೆ ಏಳಲಿಲ್ಲ. “ಇದೊಂದು ಬಡದ ಏಳ್ತೇನ್ರೀ ಅತ್ತಿ” ಎಂದು ಹಿಟ್ಟನ್ನು ಎಡಗೈಯಿಂದ ಒಮ್ಮೆ, ಬಲಗೈಯಿಂದ ಒಮ್ಮೆ ತಿರುಗಿಸುತ್ತ ಬಡಿಯತೊಡಗಿದರು.